ಕಲ್ಲ ಡೋಣಿಯ ಬಜಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಎರಡು ಗಂಟೆ. ಚಿಮ್ಮಡದ ನಮ್ಮ ಹಿತ್ತಲಿನ ಹಾಸುಗಲ್ಲಿನ ಮೇಲೆ ಬರಿಗಾಲು ಇಡಲಾಗದು. ಕರಿಬೇವು ಎಲೆ ಮಡಚಿಕೊಂಡಿದೆ, ತುಳಸಿ ಕುಡಿ ಬಾಗಿಸಿದೆ, ಗೋಡೆಯ ನೆರಳು ಗೇಣಗಲಕ್ಕೆ ಇಳಿದಿದೆ. ಮೂಲೆಯಲ್ಲಿ, ಒಂದು ಕಾಲಕ್ಕೆ ಎತ್ತುಗಳು ನೀರು ಕುಡಿಯುತ್ತಿದ್ದ ಕಲ್ಲಿನ ಡೋಣಿಯಲ್ಲಿ ಮಾತ್ರ ಒಂದು ಹಸಿರು ಮೆಳೆ ನೆಟ್ಟಗೆ ನಿಂತಿದೆ. ಮೊಳಕಾಲಿನಿಂದ ಸೊಂಟದವರೆಗೆ ಬರುವ ಎತ್ತರ, ಕತ್ತಿಯ ಅಲಗಿನಂಥ ಎಲೆ. ಬುಡದ ರಾಡಿ ಒದ್ದೆಯಾಗಿ ಮಿರುಗುತ್ತಿದೆ. ಅದರ ಅಂಚಿಗೆ ಎರಡು ಜೇನುನೊಣ ಕೂತು ನೀರು ಹೀರುತ್ತಿವೆ.

ದೂರದಿಂದ ನೋಡಿದವರು ಅದನ್ನು ಆಪು ಹುಲ್ಲು ಎನ್ನುತ್ತಾರೆ, ಇಲ್ಲವೇ ಕಬ್ಬಿನ ಮರಿ ಎನ್ನುತ್ತಾರೆ. ಹತ್ತಿರ ಬಂದು ಒಂದು ಎಲೆಯನ್ನು ಬೆರಳಿನ ನಡುವೆ ಹಿಡಿದರೆ ಬೇರೆಯದೇ ಎಂದು ಗೊತ್ತಾಗುತ್ತದೆ. ಎಲೆಯ ನಡುನರ ಸರಿಯಾಗಿ ನಡುವೆ ಇರುವುದಿಲ್ಲ, ಒಂದು ಬದಿಗೆ ಸರಿದಿರುತ್ತದೆ. ಒಂದು ಅಂಚಿನಲ್ಲಿ, ಸೀರೆಯ ನೆರಿಗೆ ಹಿಡಿದು ಬಿಟ್ಟಂತೆ, ಅಡ್ಡಡ್ಡ ಸುಕ್ಕು. ಉಗುರಿನಿಂದ ಒಂದು ತುಣುಕು ಚಿವುಟಿ ಮೂಗಿಗೆ ಹಿಡಿದರೆ ಹಸಿ ಶುಂಠಿ, ಕರ್ಪೂರ, ಕಿತ್ತಳೆ ಸಿಪ್ಪೆ ಮೂರೂ ಕೂಡಿದಂಥ ವಾಸನೆ. ಕೈ ತೊಳೆದರೂ ಸಂಜೆಯವರೆಗೆ ಹೋಗುವುದಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಈ ವಾಸನೆ ನೆನಪು ಶುರುವಾಗುವ ಮೊದಲೇ ಪರಿಚಯ. ಇದು ಬಜಿ. ಪುಸ್ತಕದಲ್ಲಿ ಬಜೆ, ಸಂಸ್ಕೃತದಲ್ಲಿ ವಚಾ, ಗಡಿಯಾಚೆಯ ಮರಾಠಿಯಲ್ಲಿ ವೇಖಂಡ.

ಬಜಿ ಜೌಗಿನ ಗಿಡ. ಹಿಮಾಲಯದ ತಪ್ಪಲಿನ ಕೊಳ್ಳಗಳಿಂದ ದಕ್ಷಿಣದವರೆಗೆ, ಕಾಲು ಹೂಳುವಷ್ಟು ಕೆಸರಿರುವಲ್ಲಿ, ನಿಧಾನವಾಗಿ ಹರಿಯುವ ತೊರೆಗಳ ಅಂಚಿನಲ್ಲಿ ಅದರ ವಾಸ. ಒಮ್ಮೆ ಊರಿತೆಂದರೆ ವರ್ಷ ವರ್ಷವೂ ನೆಲದೊಳಗಿನ ಗಡ್ಡೆಯಿಂದ ತಾನೇ ಚಿಗುರುತ್ತದೆ. ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ರೈತರು ಭತ್ತದ ಹಾಗೆ ಗದ್ದೆಯಲ್ಲಿ ನೀರು ಕಟ್ಟಿ ಬೆಳೆಯುತ್ತಾರೆ. ನಮ್ಮದೋ ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ ಹರಿದರೂ ಮಳೆಗೆ ಬಾಯಿಬಿಡುವ ಎರಿ ನೆಲ. ನಮ್ಮ ಬಾಗಲಕೋಟೆ ಜಿಲ್ಲೆಗೆ ಒಂದಿಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 560 ಮಿಲಿಮೀಟರ್. ಮಲೆನಾಡಿನಲ್ಲಿ ಅಷ್ಟು ಮಳೆ ಒಂದೇ ಆಷಾಢದಲ್ಲಿ ಸುರಿದುಬಿಡುತ್ತದೆ. ಇಂಥ ಊರಿನಲ್ಲಿ ಜೌಗಿನ ಗಿಡ ತಲೆಮಾರುಗಟ್ಟಲೆ ಬದುಕಿದ್ದು ಹೇಗೆ ಎಂದು ಕೇಳಿದರೆ, ಅದಕ್ಕೆ ಉತ್ತರ ಹೊಳೆಯ ದಂಡೆಯಲ್ಲಿ ಸಿಗುವುದಿಲ್ಲ. ಮನೆಯ ಬಚ್ಚಲಿನ ಹಿಂದೆ ಸಿಗುತ್ತದೆ.

ನಮ್ಮ ಆಯಿಯ, ಅಂದರೆ ಅಜ್ಜಿಯ ಕಾಲದ ಬಚ್ಚಲು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮಸಿ ಹಿಡಿದ ತಾಮ್ರದ ಹಂಡೆ, ಕೂತು ಮೀಯುವ ಕಲ್ಲು, ಗೋಡೆಯ ಬುಡದಲ್ಲಿ ಮುಷ್ಟಿ ಗಾತ್ರದ ತೂತು. ಮಿಂದ ನೀರು ಆ ತೂತಿನಿಂದ ಹಿತ್ತಲಿಗೆ ಬಿದ್ದು, ಒಂದು ಚಿಕ್ಕ ಗುಂಡಿಯಲ್ಲಿ ನಿಂತು, ಅಲ್ಲಿಂದ ಮಣ್ಣಿನ ಕಾಲುವೆ ಹಿಡಿದು ಹೋಗುತ್ತಿತ್ತು. ಆ ನೀರಿನ ದಾರಿಯಗುಂಟ ಆಯಿ ಗಿಡಗಳಿಗೆ ಜಾಗ ಹಂಚಿದ್ದಳು. ಗುಂಡಿಯ ಬಾಯಿಗೇ, ಸದಾ ರಾಡಿ ಇರುವಲ್ಲಿ ಬಜಿ. ಅದರಾಚೆ, ಒಮ್ಮೆ ಒಣಗಿ ಒಮ್ಮೆ ಹಸಿಯಾಗುವಲ್ಲಿ ಕೆಸವು. ಆಮೇಲೆ ಎರಡು ಬಾಳೆ, ಒಂದು ಹಿಡಿ ಪುದೀನ. ನೀರು ಹೋಗಿ ಇಂಗುವ ಕೊನೆಗೆ ಮಲ್ಲಿಗೆ. ಯಾವ ಗಿಡಕ್ಕೆ ಎಷ್ಟು ತೇವ ಬೇಕೆಂಬುದನ್ನು ಓದು ಬರಹ ಬಾರದ ಆಕೆ ನೆಲದ ಮೇಲೆ ಗೆರೆ ಎಳೆದಷ್ಟು ಖಚಿತವಾಗಿ ಬಲ್ಲವಳಾಗಿದ್ದಳು. ನೋಡಿದರೆ ಅದೊಂದು ಪುಟ್ಟ ಕೆರೆಯಂಗಳವೇ. ಮನೆಯಲ್ಲಿ ಎಂಟು ಮಂದಿ ದಿನಾ ಮೀಯುವವರೆಗೆ ಅದು ಬತ್ತುವ ಮಾತಿರಲಿಲ್ಲ.

ಆಗ ತಲೆಗೆ ಸೀಗೆಕಾಯಿ, ಮೈಗೆ ಕಡಲೆಹಿಟ್ಟು. ಬಚ್ಚಲ ನೀರಿನಲ್ಲಿ ಗಿಡಕ್ಕೆ ಒಗ್ಗದ್ದು ಹೆಚ್ಚೇನೂ ಇರುತ್ತಿರಲಿಲ್ಲ. ಈಗ ಎಂಜಿನಿಯರುಗಳು ಊರ ಕೊಳೆನೀರನ್ನು ತಿಳಿಗೊಳಿಸಲು ಕಟ್ಟುವ ಕೃತಕ ಜೌಗುಗಳಲ್ಲಿ ಬಜಿಯನ್ನು ನೆಡುತ್ತಾರೆ. ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಅದರ ಬೇರು ಹೀರಿಕೊಳ್ಳುತ್ತದೆ. ಇದನ್ನು ಓದಿದ ದಿನ ಆಯಿಯ ಹಿತ್ತಲು ನನ್ನ ಮನಸ್ಸಿನಲ್ಲಿ ಎಷ್ಟು ದೊಡ್ಡದಾಗಿ ಬೆಳೆಯಿತೆಂದು ಹೇಳಲಾರೆ.

1972ರ ಬರದ ಕತೆಯನ್ನು ಅವ್ವ ಈಗಲೂ ಹೇಳುತ್ತಾಳೆ. ಬಾವಿಯ ತಳ ಕಂಡಿತ್ತು. ಮೀಯುವುದು ವಾರಕ್ಕೊಮ್ಮೆ ಆಯಿತು. ಬಾಳೆ ಹೋಯಿತು, ಕೆಸವು ಹೋಯಿತು. ಆಯಿ ಮಾತ್ರ ಮುಸುರೆ ತೊಳೆದ ನೀರನ್ನು ಒಂದು ಮಡಕೆಯಲ್ಲಿ ಎತ್ತಿಟ್ಟು, ದನಕ್ಕೆ ಕೊಟ್ಟು ಉಳಿದ ಬೊಗಸೆ ನೀರನ್ನು ಬಜಿಯ ಬುಡಕ್ಕೆ ಸುರಿಯುತ್ತಿದ್ದಳಂತೆ. ಎಲೆಯೆಲ್ಲ ಒಣಗಿ ನೆಲಕ್ಕೆ ಮಲಗಿದರೂ ಗಡ್ಡೆ ಸಾಯಲಿಲ್ಲ. ಮುಂದಿನ ಮಳೆಗೆ ಚಿಗುರಿತು. ಓಣಿಯಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಬಜಿ ಹೋಗುತ್ತಿದ್ದದ್ದು ನಮ್ಮ ಹಿತ್ತಲಿನಿಂದ. ಅದನ್ನು ಸಾಯಗೊಡುವುದು ಆಯಿಗೆ ಸಾಧ್ಯವೇ ಇರಲಿಲ್ಲ.

ಬರ ಕೊಲ್ಲದ ಗಿಡವನ್ನು ಕೊಂದದ್ದು ಸುಧಾರಣೆ. ಓಣಿಗೆ ಸಿಮೆಂಟಿನ ಗಟಾರ ಬಂತು. ಬಚ್ಚಲಿನ ತೂತು ಮುಚ್ಚಿ ಪೈಪು ಹಾಕಿದೆವು. ಅದು ಬೇಕಾದದ್ದೇ. ಸೊಳ್ಳೆ ಕಡಿಮೆಯಾಯಿತು, ಮಳೆಗಾಲದಲ್ಲಿ ಹಿತ್ತಲಿಗೆ ಹೋಗಲು ಇಟ್ಟಂಗಿ ಮೇಲೆ ಕಾಲಿಟ್ಟು ಜಿಗಿಯುವುದು ತಪ್ಪಿತು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬಜಿ ಇರಲಿಲ್ಲ. ಅದಕ್ಕೆ ನೀರು ಹಾಕಬೇಕೆಂದು ನಮಗೆ ಯಾರಿಗೂ ಹೊಳೆಯಲಿಲ್ಲ, ಏಕೆಂದರೆ ಬಚ್ಚಲ ತೂತು ಇರುವವರೆಗೆ ಅದಕ್ಕೆಂದೇ ನೀರು ಹಾಕುವ ಕೆಲಸ ಆ ಬರದ ವರ್ಷ ಬಿಟ್ಟರೆ ಯಾರಿಗೂ ಬಿದ್ದಿರಲಿಲ್ಲ. ಆಯಿ ಅಷ್ಟೊತ್ತಿಗೆ ತೀರಿಕೊಂಡಿದ್ದಳು.

ಮತ್ತೆ ಬೆಳೆಸಬೇಕೆಂದು ಅನ್ನಿಸಿದ್ದು ಬಹಳ ವರ್ಷಗಳ ಮೇಲೆ. ಮೊದಲ ಸಲ ಮಹಾಲಿಂಗಪುರದ ಪೇಟೆಯಿಂದ ಅಂಗಡಿಯ ಬಜಿ ತಂದು ಹೂಳಿದೆ. ಬೂದು ಬಣ್ಣದ, ಮರದಂತೆ ಒಣಗಿದ ತುಂಡುಗಳು. ಮೂರು ವಾರ ಕಾದು ಕೆದರಿ ನೋಡಿದರೆ ಹುಳಿತು ಕರಗಿದ್ದವು. ಮಾರಾಟಕ್ಕೆ ಬರುವ ಬಜಿಯನ್ನು ಬಿಸಿಲಿಗೆ ಹಾಕಿ, ಬೇರು ಸುಲಿದು, ಜೀವ ಉಳಿಯದಂತೆ ಒಣಗಿಸಿರುತ್ತಾರೆ. ಬೀಜ ಹುಡುಕಿಯೂ ಫಲವಿಲ್ಲ. ನಮ್ಮ ಕಡೆ ಬೆಳೆಸುವ ಬಜಿಯಲ್ಲಿ ಕಾಳು ಕಟ್ಟುವುದನ್ನು ನಾನು ಕಂಡಿಲ್ಲ. ಬೇಕಾದದ್ದು ಹಸಿ ಗಡ್ಡೆ, ಅದರ ತುದಿಯಲ್ಲಿ ಒಂದು ಮೊಗ್ಗು.

ಅದು ಸಿಕ್ಕಿದ್ದು ಮುಧೋಳದ ಕಡೆ ಕೊಟ್ಟ ಸೋದರತ್ತೆಯ ಮನೆಯಲ್ಲಿ. ಸಂಬಂಧದ ಮಾತಿಗೆಂದು ಹೋದವನು ಹಿತ್ತಲಿಗೆ ಕೈ ತೊಳೆಯಲು ಹೋದರೆ, ನೀರಿನ ಟಾಕಿ ಸೋರುವ ಜಾಗದಲ್ಲಿ ಅದೇ ಮೆಳೆ, ಅದೇ ಸುಕ್ಕಿನ ಎಲೆ.

‘ಅತ್ತಿ, ಈ ಬಜಿ ಎಲ್ಲಿಂದ ಬಂತು?’ ಎಂದೆ.

‘ಎಲ್ಲಿಂದ ಅಂದರ? ನಮ್ಮವ್ವ ಕೊಟ್ಟದ್ದಪಾ. ಚೊಚ್ಚಲ ಬಾಣಂತನ ಮುಗಿಸಿ ಕೂಸು ಕರಕೊಂಡು ಬರೋ ಮುಂದ, ಹಸಿ ಅರಿಬ್ಯಾಗ ಸುತ್ತಿ ಬುಟ್ಟ್ಯಾಗ ಇಟ್ಟಿದ್ಳು. ನಿಮ್ಮ ಹಿತ್ತಲದ್ದ ಇದು’ ಎಂದಳು.

ನಾನು ಆ ರಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಕಾಳು ಕಟ್ಟದ ಗಿಡದ ಸಂಗತಿಯೇ ಅದು. ಪ್ರತಿ ತುಂಡೂ ಹಿಂದಿನ ತುಂಡಿನದೇ ಮುಂದುವರಿಕೆ, ಅದೇ ಜೀವ. ನಮ್ಮ ಮನೆಯಲ್ಲಿ ಸತ್ತಿತೆಂದು ನಾನು ತಿಳಿದದ್ದು, ಮಗಳ ಬೆನ್ನಿಗೆ ಹೋಗಿ ಇನ್ನೊಂದು ಮನೆಯ ಬಚ್ಚಲಿನಲ್ಲಿ ಬದುಕಿತ್ತು. ಗಾಳಿ, ಹಕ್ಕಿ, ಹೊಳೆ ಮಾಡುವ ಕೆಲಸವನ್ನು ನಮ್ಮ ಬಯಲು ಸೀಮೆಯಲ್ಲಿ ತವರಿನಿಂದ ಹೊರಟ ಹೆಣ್ಣುಮಕ್ಕಳ ಬುಟ್ಟಿಗಳು ಮಾಡಿವೆ.

ಮಿರಗದ ಮಳೆ ಹಿಡಿಯುವ ಹೊತ್ತಿಗೆ, ಅಂದರೆ ಜೂನ್ ಎರಡನೆಯ ವಾರದಲ್ಲಿ ನೆಟ್ಟೆ. ಡೋಣಿಯ ಕೆಳಗಿನ ತೂತಿಗೆ ಚಿಂದಿ ತುರುಕಿ ಮುಚ್ಚಿದೆ. ಎರಡು ಬುಟ್ಟಿ ಎರಿ ಮಣ್ಣು, ಒಂದು ಬುಟ್ಟಿ ಹಳ್ಳದ ಉಸುಕು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಬರೀ ಎರಿ ಹಾಕಿದರೆ ಮಣ್ಣು ಅಂಟಿನಂತಾಗಿ ಗಡ್ಡೆ ಹಬ್ಬುವುದಿಲ್ಲ, ಬರೀ ಉಸುಕಾದರೆ ತಿನ್ನಲು ಏನೂ ಸಿಗದು. ನೀರು ಹಾಕಿ ಕೈಯಿಂದಲೇ ಕಲಸಿ, ರೊಟ್ಟಿ ಹಿಟ್ಟಿಗಿಂತ ತೆಳ್ಳಗೆ, ಅಂಬಲಿಗಿಂತ ಗಟ್ಟಿಗೆ ತಂದೆ. ಗಡ್ಡೆಯನ್ನು ಎರಡೆರಡು ಅಂಗುಲದ ತುಂಡು ಮಾಡಿ, ಮೊಗ್ಗು ಮೇಲೆ ಬರುವಂತೆ ಓರೆಯಾಗಿ ಎರಡು ಅಂಗುಲ ಆಳಕ್ಕೆ ಒತ್ತಿದೆ. ಗದ್ದೆಯಲ್ಲಿ ಬೆಳೆಯುವವರು ತುಂಡಿನಿಂದ ತುಂಡಿಗೆ ಅಡಿಯಷ್ಟು ಜಾಗ ಬಿಡುತ್ತಾರೆ. ಡೋಣಿಯಲ್ಲಿ ಒಂದು ಗೇಣು ಸಾಕಾಯಿತು.

ಕತ್ತರಿಸಿದ ಗಡ್ಡೆಯನ್ನು ಒಮ್ಮೆ ಕಣ್ಣಿಗೆ ಹತ್ತಿರ ಹಿಡಿದು ನೋಡಬೇಕು. ಹೆಬ್ಬೆರಳು ದಪ್ಪ, ಹೊರಗೆ ಕಂದು, ಎಲೆ ಉದುರಿದ ಕಡೆಯೆಲ್ಲ ಓರೆ ಓರೆ ಗುರುತು, ಗುರುತಿನ ಸುತ್ತ ಕುದುರೆ ಕೂದಲಿನಂಥ ನಾರು. ಒಳಗೆ ಬಿಳಿ, ತುಸುವೇ ಗುಲಾಬಿ. ಒತ್ತಿದರೆ ಬೆಂಡಿನ ಹಾಗೆ ಒಳಗೆ ಹೋಗಿ ಮತ್ತೆ ಉಬ್ಬುತ್ತದೆ. ಆ ಬೆಂಡಿನಲ್ಲೇ ಅದರ ಬದುಕಿನ ಗುಟ್ಟಿದೆ. ಕೆಸರಿನೊಳಗೆ ಗಾಳಿಯಾಡುವುದಿಲ್ಲ. ಬೇರೆ ಗಿಡಗಳ ಬೇರು ಅಲ್ಲಿ ಉಸಿರುಗಟ್ಟಿ ಕೊಳೆಯುತ್ತವೆ. ಬಜಿ ತನ್ನ ಎಲೆಯಿಂದ ಗಡ್ಡೆಯವರೆಗೆ, ಗಡ್ಡೆಯಿಂದ ಬೇರಿನವರೆಗೆ ಸೂಕ್ಷ್ಮವಾದ ಗಾಳಿಗೂಡುಗಳನ್ನು ಕಟ್ಟಿಕೊಂಡು ಮೇಲಿನ ಗಾಳಿಯನ್ನು ಕೆಳಗೆ ಇಳಿಸುತ್ತದೆ. ಅದೂ ಸಾಲದಾದರೆ, ಗಾಳಿಯೇ ಇಲ್ಲದ ಕೆಸರಿನಲ್ಲಿ ಗಡ್ಡೆ ವಾರಗಟ್ಟಲೆ ಜೀವ ಹಿಡಿದು ಕೂರಬಲ್ಲದು. ಮೊದಲು ಇದನ್ನು ಕೆಸವಿನ ಮನೆತನಕ್ಕೆ ಸೇರಿಸಿದ್ದ ಸಸ್ಯಶಾಸ್ತ್ರಜ್ಞರು ಈಗ ಬಜಿಗೆ ತನ್ನದೇ ಬೇರೆ ಕುಟುಂಬ ಕೊಟ್ಟಿದ್ದಾರೆ. ಹುಲ್ಲು, ಬಾಳೆ, ತೆಂಗು, ಈರುಳ್ಳಿ ಎಲ್ಲ ಸೇರಿದ ಏಕದಳ ಗಿಡಗಳ ದೊಡ್ಡ ಬಳಗದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದ ಕೊಂಬೆ ಇದರದು.

ಹತ್ತು ಹನ್ನೆರಡು ದಿನಕ್ಕೆ ಮೊಳಕೆ ಕಂಡಿತು, ಹಸಿರು ಸೂಜಿಯಂತೆ. ಆಮೇಲೆ ಎಲ್ಲ ನೀರಿನ ಲೆಕ್ಕ. ಡೋಣಿಯಲ್ಲಿ ನೀರು ಮಣ್ಣಿನ ಮೇಲೆ ನಿಲ್ಲಬಾರದು ಎಂದು ನಿಯಮ ಮಾಡಿಕೊಂಡಿದ್ದೇನೆ. ನಿಂತರೆ ವಾರದಲ್ಲಿ ಸೊಳ್ಳೆ ಮರಿ. ಮಣ್ಣು ಮಾತ್ರ ಒತ್ತಿದರೆ ನೀರು ಒಸರುವಷ್ಟು ಒದ್ದೆ ಇರಬೇಕು. ದೊಡ್ಡ ತೊಟ್ಟಿಯಲ್ಲಿ ನೀರು ನಿಲ್ಲಿಸಿಯೇ ಬೆಳೆಸುವವರು ನಾಲ್ಕು ಗಪ್ಪಿ ಮೀನು ಬಿಟ್ಟುಕೊಂಡರೆ ಆಯಿತು. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು ಎಲ್ಲ ಈಗ ಅದಕ್ಕೆ. ಬೇಸಿಗೆಯಲ್ಲಿ ಮುಂಜಾನೆ ಒಂದು ಕೊಡ, ಸಂಜೆ ಒಂದು ಕೊಡ. ಬಟ್ಟೆ ಒಗೆದ ನೀರನ್ನು ಹಾಕುವುದಿಲ್ಲ. ಈಗಿನ ಸೋಪಿನ ಪುಡಿ ಆಯಿಯ ಸೀಗೆಕಾಯಿಯಲ್ಲ.

ತೊಂದರೆ ಬಂದದ್ದು ಬೋರಿನ ನೀರಿನಿಂದ. ಎರಡನೆಯ ವರ್ಷ ಎಲೆಯ ತುದಿಗಳು ಬೆಂಕಿ ತಾಕಿದಂತೆ ಕಂದಿದವು, ಡೋಣಿಯ ಅಂಚಿನಲ್ಲಿ ಬಿಳಿ ಉಪ್ಪು ಪಟ್ಟಿ ಕಟ್ಟಿತು. ನಮ್ಮ ಸೀಮೆಯ ರೈತರಿಗೆ ಈ ಬಿಳಿ ಪಟ್ಟಿ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಬತ್ತುತ್ತಿದ್ದ ಕೃಷ್ಣೆಗೆ ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಮತ್ತು ಶ್ರಮ ಕೂಡಿಸಿ ಬ್ಯಾರೇಜು ಕಟ್ಟಿದ್ದು 1989ರಲ್ಲಿ. ಆ ಸಾಹಸ ನೆನೆದರೆ ಇಂದಿಗೂ ಮೈ ನವಿರೇಳುತ್ತದೆ. ನೀರು ಬಂತು, ಕಬ್ಬು ಬಂತು, ಸಾಲ ತೀರಿತು. ಆದರೆ ನೀರು ಬಂದ ಕಡೆಯೆಲ್ಲ ಅದನ್ನು ಅಳೆದು ಬಿಡುವ ರೂಢಿ ಬರಲಿಲ್ಲ. ತಗ್ಗಿನ ಎಷ್ಟೋ ಹೊಲಗಳು ಸವಳು ಜವಳಾದವು. ಒಂದು ಕಡೆ ನೀರು ಇಂಗದ ಜೌಗು, ಇನ್ನೊಂದು ಕಡೆ ಉಪ್ಪು ಉಕ್ಕಿದ ಬಿಳಿ ನೆಲ. ನೀರು ಒಳಗೆ ಬಂದಷ್ಟೇ ಹೊರಗೆ ಹೋಗಲೂ ದಾರಿ ಬೇಕೆಂಬ ಆ ಪಾಠವನ್ನೇ ನನ್ನ ಮೂರು ಮೊಳದ ಡೋಣಿ ನನಗೆ ಕಲಿಸಿತು. ಈಗ ಮಾಳಿಗೆಯಿಂದ ಇಳಿಯುವ ಮಳೆನೀರನ್ನು ಡೋಣಿಗೆ ತಿರುಗಿಸಿದ್ದೇನೆ. ಮಳೆಗಾಲದಲ್ಲಿ ಎರಡು ಸಲ ತೂತು ತೆರೆದು ಉಪ್ಪು ತೊಳೆದು ಹೋಗಲು ಬಿಡುತ್ತೇನೆ. ಎಲೆ ಮತ್ತೆ ತಿಳಿ ಹಸಿರಿಗೆ ಬಂದಿದೆ.

ಮೂರನೆಯ ವರ್ಷ ಹೂ ಬಂತು. ಅದನ್ನು ಹೂ ಎಂದು ಗುರುತಿಸಲು ನನಗೆ ಎರಡು ದಿನ ಹಿಡಿಯಿತು. ಎಲೆಯಂತೆಯೇ ಇರುವ ಒಂದು ದಂಟಿನ ನಡುವಿನಿಂದ, ಕಿರುಬೆರಳನ್ನು ಓರೆಯಾಗಿ ಚಾಚಿದಂತೆ, ಹಸಿರು ಹಳದಿಯ ಒಂದು ತೆನೆ. ಭೂತಗನ್ನಡಿ ಹಿಡಿದರೆ ಅದರ ಮೈಮೇಲೆ ನೂರಾರು ಚಿಕ್ಕ ಹೂಗಳು, ಜೇನುಹುಟ್ಟಿನ ಹಾಗೆ ಒತ್ತೊತ್ತಾಗಿ, ಅಚ್ಚುಕಟ್ಟಾಗಿ. ಎಸಳಿನ ಸಡಗರವಿಲ್ಲ, ಬಣ್ಣವಿಲ್ಲ. ಅವ್ವನನ್ನು ಕರೆದು ತೋರಿಸಿದೆ. ಎಂಬತ್ತು ದಾಟಿದ ಆಕೆ ಆ ಗಿಡದ ಜೊತೆ ಅಷ್ಟು ವರ್ಷ ಬದುಕಿಯೂ ಅದರ ಹೂ ನೋಡಿರಲಿಲ್ಲ. ಆಯಿಯ ಕಾಲದಲ್ಲಿ ಓಣಿಯವರು ಗಡ್ಡೆ ಕೀಳುತ್ತಲೇ ಇದ್ದರು, ಹೂ ಬಿಡುವಷ್ಟು ಬಿಡುವು ಅದಕ್ಕೆಲ್ಲಿತ್ತು.

ಯುರೋಪಿನ ತೋಟಗಳಲ್ಲೂ ಇದಕ್ಕೆ ಹೀಗೆ ಕೈಯಿಂದ ಕೈಗೆ ದಾಟಿದ ಕತೆಯೇ ಇದೆ. 1574ರಲ್ಲಿ ಕ್ಲೂಸಿಯಸ್ ಎಂಬ ಸಸ್ಯವಿಜ್ಞಾನಿ ವಿಯೆನ್ನಾದಲ್ಲಿ, ಪೂರ್ವದಿಂದ ತರಿಸಿಕೊಂಡ ಗಡ್ಡೆಯನ್ನು ನೆಟ್ಟು ಬೆಳೆಸಿ ಗೆಳೆಯರಿಗೆ ಹಂಚಿದ. ಅಲ್ಲಿಯೂ ಅದು ಬೀಜ ಕಟ್ಟಲಿಲ್ಲ, ಗಡ್ಡೆಯಿಂದಲೇ ನದಿದಂಡೆಗಳಿಗೆಲ್ಲ ಹಬ್ಬಿತು. ತಮಿಳಿನಲ್ಲಿ ಇದಕ್ಕೆ ವಸಂಬು ಎಂಬ ಹೆಸರಿದ್ದರೂ ಹಿರಿಯರು ‘ಪೇರ್ ಸೊಲ್ಲಾ ಮರುಂದು’, ಅಂದರೆ ಹೆಸರು ಹೇಳಬಾರದ ಮದ್ದು ಎಂದೇ ಕರೆಯುತ್ತಾರೆ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ತಾಳೆಗರಿಗಳನ್ನು ಹುಳುವಿನಿಂದ ಕಾಯಲು ಕಟ್ಟಿಡುವ ಪುಡಿಯಲ್ಲೂ ಬಜಿ ಸೇರುತ್ತದೆ. ಅವ್ವನ ತೊಗರಿಬೇಳೆಯ ಡಬ್ಬಿಯಲ್ಲಿ ಎರಡು ತುಂಡು ಯಾವಾಗಲೂ ಇರುತ್ತವೆ.

ಹೋದ ಮಾಗಿಯಲ್ಲಿ, ಎದುರು ಮನೆಯ ಹುಡುಗಿ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸಿಗೆ ಎರಡು ತಿಂಗಳು. ಒಂದು ಸಂಜೆ ಕೈಯಲ್ಲಿ ಬಟ್ಟಲು ಹಿಡಿದು ಹಿತ್ತಲ ಬಾಗಿಲಿಗೆ ಬಂದು ನಿಂತಳು.

‘ಆಯಿ, ಕೂಸು ರಾತ್ರಿಯೆಲ್ಲಾ ಅಳ್ತೈತ್ರಿ. ಬಜಿ ತೇದು ನೆಕ್ಕಸು ಅಂತ ನಮ್ಮತ್ತಿ ಫೋನ್ ಮಾಡಿ ಹೇಳ್ಯಾರ. ಒಂದ್ ತುಂಡ ಕೊಡ್ರಿ.’

ಅವ್ವ ಕೂಡಲೇ ಏಳಲಿಲ್ಲ. ‘ಡಾಕ್ಟ್ರು ಏನಂದಾರವಾ?’ ಎಂದು ಕೇಳಿದಳು.

‘ಆರ ತಿಂಗಳ ಎದಿಹಾಲ ಬಿಟ್ಟು ಏನೂ ಕೊಡಬ್ಯಾಡ ಅಂದಾರ್ರಿ.’

‘ಹಂಗಾದ್ರ ಕೊಡಬ್ಯಾಡ.’

ಹುಡುಗಿಗಿಂತ ನನಗೆ ಹೆಚ್ಚು ಅಚ್ಚರಿಯಾಯಿತು. ಈ ಓಣಿಯ ಎರಡು ತಲೆಮಾರಿನ ನಾಲಿಗೆಗೆ ಬಜಿ ಮುಟ್ಟಿಸಿದ ಕೈ ಅದು. ಹಿಂದೆ ನಾನು ಓದಿದ್ದನ್ನು ಆಕೆಗೆ ಹೇಳಿದ್ದೆ. ಬಜಿಯ ಎಣ್ಣೆಯಲ್ಲಿ ಬೀಟಾ ಅಸರೋನ್ ಎಂಬ ಅಂಶವಿದೆ, ನಮ್ಮ ದೇಶದ ಬಜಿಯಲ್ಲಿ ಅದು ಬಹಳ ಹೆಚ್ಚು, ಇಲಿಗಳ ಮೇಲಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಗಡ್ಡೆ ಹುಟ್ಟಿಸಿದ್ದರಿಂದ ಅಮೆರಿಕದಲ್ಲಿ 1968ರಲ್ಲೇ ಆಹಾರಕ್ಕೆ ಬೆರೆಸದಂತೆ ನಿಷೇಧಿಸಿದರು. ಆಗ ಆಕೆ ಸುಮ್ಮನೆ ಕೇಳಿಸಿಕೊಂಡಿದ್ದಳು. ಆಯಿಯೂ ಬಜಿಯನ್ನು ಹಸಿಯಾಗಿ ಎಂದೂ ಕೊಟ್ಟವಳಲ್ಲ. ಔಡಲೆಣ್ಣೆಯ ದೀಪದಲ್ಲಿ ಕರಿಯಾಗುವವರೆಗೆ ಸುಟ್ಟು, ಸಾಣೆಕಲ್ಲಿನ ಮೇಲೆ ಒಂದೇ ಸುತ್ತು ತೇದು, ಕಡ್ಡಿಯ ತುದಿಯಷ್ಟು ಮುಟ್ಟಿಸುತ್ತಿದ್ದಳು. ಆಯುರ್ವೇದವೂ ವಚೆಯನ್ನು ಶುದ್ಧಿ ಮಾಡದೆ ಬಳಸಬಾರದು ಎನ್ನುತ್ತದೆ. ಇದರಲ್ಲಿ ಅಂಜಬೇಕಾದ್ದು ಏನೋ ಇದೆ ಎಂಬುದು ಹಿಂದಿನವರಿಗೆ ಗೊತ್ತಿತ್ತು. ನನ್ನ ಮಟ್ಟಿಗೆ ಹೇಳುವುದಾದರೆ, ನಾನು ಇಷ್ಟು ಪ್ರೀತಿಸುವ ಈ ಗಿಡವನ್ನು ಯಾವ ಕೂಸಿನ ಬಾಯಿಗೂ ಇಡಲಾರೆ.

‘ಕೂಸಿನ ಬಾಯಾಗ ಬ್ಯಾಡವಾ. ಹೊಟ್ಟಿ ಉಬ್ಬಿದ್ರ ದವಾಖಾನಿಗೆ ತೋರಸು. ಬಜಿ ಬೇಕಂದ್ರ ಅರಿಬ್ಯಾಗ ಗಂಟ ಕಟ್ಟಿ ತೊಟ್ಟಲದ ಮ್ಯಾಲಿನ ಕೊಂಡಿಗೆ ತೂಗಹಾಕು, ಕೈಗೆ ಸಿಗಧಂಗ. ವಾಸನಿ ಇರ್ಲಿ’ ಎಂದು ಹೇಳಿ ಅವ್ವ ಎದ್ದಳು.

ಡೋಣಿಯ ಹತ್ತಿರ ಹೋಗಿ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು. ಎಲೆಗಳು ಮಾಗಿಯ ಚಳಿಗೆ ಅರ್ಧ ಹಳದಿಯಾಗಿದ್ದವು, ಗಡ್ಡೆ ಬಲಿತ ಹೊತ್ತು. ಅಗೆಯಲು ಕುರ್ಚಿಗೆ ತರುತ್ತೇನೆ ಎಂದರೆ ಬೇಡವೆಂದಳು. ಮೊಣಕೈವರೆಗೆ ರಾಡಿಯಲ್ಲಿ ಕೈ ಇಳಿಸಿ, ಕಣ್ಣು ಮುಚ್ಚಿ, ಒಳಗೇ ತಡಕಾಡಿದಳು. ಎಲ್ಲೋ ಒಂದು ಗೆಣ್ಣು ಲಟಕ್ಕನೆ ಮುರಿದ ಸದ್ದು. ಕೈ ಹೊರಗೆ ಬಂದಾಗ ಒಂದು ಗೇಣಿನ ಗಡ್ಡೆ, ಇಳಿಬಿದ್ದ ಬಿಳಿ ಬೇರು, ತುದಿಯಲ್ಲಿ ಎರಡು ಎಳೆ ಮೊಗ್ಗು. ಹಿತ್ತಲೆಲ್ಲ ಆ ವಾಸನೆ ಎದ್ದಿತು. ಬಲಿತ ಅರ್ಧ ಮುರಿದು ಬಟ್ಟಲಿಗೆ ಹಾಕಿದಳು.

ಉಳಿದ ಮೊಗ್ಗಿನ ತುಂಡನ್ನು ತನ್ನ ಹಳೆಯ ಸೀರೆಯ ಅರಿವೆಗೆ ನೀರು ಚಿಮುಕಿಸಿ ಸುತ್ತುತ್ತ ಕೇಳಿದಳು, ‘ಗಂಡನ ಮನಿಗಿ ಯಾವಾಗ ಹೋಗ್ತಿ?’

‘ಐದನೇ ತಿಂಗಳಿಗ್ರಿ ಆಯಿ. ಆದ್ರ ನಮ್ಮದು ಬೆಳಗಾವ್ಯಾಗ ಮ್ಯಾಲಿನ ಮಾಳಿಗಿ ಮನಿ. ಹಿತ್ತಲಿಲ್ಲ.’

‘ಬಕೀಟು ಐತಿಲ್ಲೋ?’

‘ಐತ್ರಿ.’

‘ತೂತಿಲ್ಲದ್ದು ನೋಡು’ ಎಂದು ಅವ್ವ ಗಂಟನ್ನು ಆಕೆಯ ಕೈಗಿಟ್ಟಳು. ‘ಅಲ್ಲಿತನಕ ನಿಮ್ಮವ್ವನ ಬಚ್ಚಲ ಕಡೆ ಊರಿ ಇಡು.’